ನೀಲಿ ತೆಗೆಯುವ ಹೊಳಪಕ್ಕ

ಹೊಳಪಕ್ಕ ಕುಳಿತದ್ದನ್ನು ಆ ವರ್ಕ್‌ಶಾಪಿನಲ್ಲಿ ಕಂಡವರಿರಲಿಲ್ಲ. ಚಹಾ ನಿಂತುಕೊಂಡೇ, ಊಟ ನಿಂತುಕೊಂಡೇ, ಜಗಳವಂತೂ ನಡೆದಾಡಿಕೊಂಡೇ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದ ಹೆಂಗಸು ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದರು. ಪಕ್ಕದ ಶೆಡ್ಡಿನಲ್ಲಿ ಕಬ್ಬಿಣದ ಗೇಟು ಮಾಡುವವನು ದಿನಕ್ಕೊಮ್ಮೆಯಾದರೂ ಕೇಳದೆ ಬಿಡುತ್ತಿರಲಿಲ್ಲ.

"ಅಕ್ಕಾ, ಒಂದ್ನಿಮಿಷ ಕೂತ್ಕೊಳ್ಳಿ. ಕುರ್ಚಿ ಏನು ಕಚ್ಚುತ್ತಾ?"

"ಕೂತ್ರೆ ನಿನ್ನ ಗೇಟಿನ ಹಾಗೆ ತುಕ್ಕು ಹಿಡೀತೀನಿ ಕಣಪ್ಪ. ನಿನ್ನ ಕೆಲಸ ನೀನು ನೋಡ್ಕೋ."

ಅವಳ ಕೆಲಸ ಸ್ಟೀಲಿನ ಮೇಲಿನ ನೀಲಿ ತೆಗೆಯುವುದು. ಇದೂ ಒಂದು ಕೆಲಸವೇ ಎಂದು ಮೂಗು ಮುರಿಯಬೇಡಿ. ಎರಡು ಸ್ಟೀಲಿನ ತಗಡುಗಳನ್ನು ಸೇರಿಸಿ ವೆಲ್ಡಿಂಗ್ ಮಾಡಿದಾಗ ಬೆಸುಗೆಯ ಎರಡೂ ಬದಿಯಲ್ಲಿ ಬಿಸಿಯ ಕಲೆ ಏಳುತ್ತದೆ. ಬಿಸಿ ಕಡಿಮೆಯಿದ್ದರೆ ಒಣಹುಲ್ಲಿನ ಹಳದಿ, ಹೆಚ್ಚಾದರೆ ಕಂದು, ಆಮೇಲೆ ನೇರಳೆ, ಕೊನೆಗೆ ನೀಲಿ. ನೋಡುವುದಕ್ಕೆ ನವಿಲುಗರಿಯಂತೆ ಚೆಂದ. ಆದರೆ ಆ ಚೆಂದದ ಅಡಿಯಲ್ಲೇ ಸ್ಟೀಲು ಸೊರಗಿರುತ್ತದೆ. ಕಲೆಯನ್ನು ಹಾಗೇ ಬಿಟ್ಟರೆ, ತುಕ್ಕೇ ಹಿಡಿಯದು ಎಂದು ಹೆಸರು ಪಡೆದ ಲೋಹ ಅಲ್ಲಿಂದಲೇ ತುಕ್ಕು ಹಿಡಿಯುತ್ತದೆ. ಅದಕ್ಕೇ ರಬ್ಬರಿನ ಕೈಗವಸು, ಏಪ್ರನ್ನು, ಮುಖಕ್ಕೆ ಗುರಾಣಿ ಹಾಕಿಕೊಂಡು ಆಸಿಡ್ ಪೇಸ್ಟ್ ಹಚ್ಚಬೇಕು. ಅರ್ಧ ಗಂಟೆ ಕಾಯಬೇಕು. ನೀರು ಬಿಟ್ಟು ಬಿಟ್ಟು ತೊಳೆಯಬೇಕು. ಎಲ್ಲಾದರೂ ತೆಳ್ಳಗೆ ಬಣ್ಣ ಉಳಿದಿದ್ದರೆ ಸ್ಟೀಲ್ ತಂತಿಯ ಬ್ರಷ್ಷಿನಿಂದ ಉಜ್ಜಿ ಮತ್ತೆ ತೊಳೆಯಬೇಕು. ಪೇಸ್ಟು ಚರ್ಮಕ್ಕೆ ತಾಗಿದರೆ ಮೊದಲು ಉರಿಯೂ ಗೊತ್ತಾಗುವುದಿಲ್ಲ, ಒಳಗೊಳಗೇ ಎಲುಬಿನ ತನಕ ಇಳಿಯುತ್ತದೆ. ಅದಕ್ಕೆ ಬೇರೆಯೇ ಒಂದು ಜೆಲ್ ಇದೆ, ತಕ್ಷಣ ತೊಳೆದು ಅದನ್ನು ಹಚ್ಚಿ ಆಸ್ಪತ್ರೆಗೆ ಹೋಗಬೇಕು.

ಇಪ್ಪತ್ತೆರಡು ವರ್ಷ ಹೊಳಪಕ್ಕ ಇದನ್ನೇ ಮಾಡಿದ್ದಳು. ಗಂಡ ತೀರಿಕೊಂಡ ವರ್ಷ ನೆಲ ಗುಡಿಸುವುದಕ್ಕೆಂದು ಸೇರಿದವಳು, ಹಳೆಯ ಕೆಲಸಗಾರನೊಬ್ಬ ಬಿಟ್ಟು ಹೋದ ಬ್ರಷ್ಷನ್ನು ಕೈಗೆತ್ತಿಕೊಂಡಳು, ಕೆಳಗಿಡಲೇ ಇಲ್ಲ. ಟ್ಯಾಂಕು ತೊಳೆದು ಮುಗಿಸಿದ ಮೇಲೆ ಅದರ ಹೊಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಅಕ್ಷರ ಬರೆಯುತ್ತಿದ್ದಳು: ಹೊ. ಆ ಅಕ್ಷರ ಬಿದ್ದ ಟ್ಯಾಂಕಿನ ಒಳಗೆ ಮೇಸ್ತ್ರಿ ಇಣುಕಿಯೂ ನೋಡುತ್ತಿರಲಿಲ್ಲ. "ಹೊ ಬಿತ್ತಾ? ಹಾಗಾದ್ರೆ ಲಾರಿ ಕರೀರಿ," ಅಷ್ಟೇ. ಶಾಲೆಯನ್ನು ನಾಲ್ಕನೇ ತರಗತಿಗೆ ಬಿಟ್ಟವಳ ಒಂದೇ ಒಂದು ಅಕ್ಷರಕ್ಕೆ ಅಷ್ಟು ಬೆಲೆ ಇತ್ತು. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ತಲೆ ಸ್ವಲ್ಪ ಹೆಚ್ಚೇ ಮೇಲಕ್ಕಿತ್ತು.

ಮೂರು ವರ್ಷದ ಹಿಂದೆ ಮಗ ಮದುವೆಯಾಗಿ ಕರೆತಂದ ಹುಡುಗಿ ವೆಲ್ಡರ್. ಬಸ್ಸು ಓಡಿಸುವ ಮಗ, ರಸ್ತೆಯಲ್ಲಿ ಬಸ್ಸಿನಷ್ಟೇ ಸದ್ದು ಮಾಡಿದರೂ ಮನೆಯಲ್ಲಿ ಮಾತ್ರ ಬಾಯಿ ಬಿಡದವನು, "ಅಮ್ಮ, ನಿಮ್ಮಿಬ್ರದ್ದೂ ಒಂದೇ ಲೈನು" ಎಂದಷ್ಟೇ ಹೇಳಿದ್ದ. ಹುಡುಗಿಯನ್ನು ಅದೇ ವರ್ಕ್‌ಶಾಪಿಗೆ ಸೇರಿಸಿದ್ದು ಹೊಳಪಕ್ಕನೇ. ಸೇರಿಸಿದ ಮರುದಿನದಿಂದ ಬೈದದ್ದೂ ಅವಳೇ.

"ಏನೇ ಇದು, ಬೆಸುಗೆ ಹಾಕಿದ್ಯಾ ಇಲ್ಲಾ ಸುಟ್ಟು ಹಾಕಿದ್ಯಾ? ಇಷ್ಟು ನೀಲಿ ಯಾಕೆ ಎಬ್ಬಿಸ್ತೀಯ? ಕೈ ಸರಸರ ಓಡ್ಬೇಕು."

"ಕೈ ಓಡಿದ್ರೆ ಬೆಸುಗೆ ನಿಲ್ಲಲ್ಲ ಅತ್ತೆ."

"ಎದುರು ಮಾತಾಡು. ನೀನು ಮಾಡಿದ ಕಲೆ ತೊಳೆಯೋದು ನಾನು. ಸೊಸೆ ಉಂಡ ತಟ್ಟೆನ ಅತ್ತೆ ತೊಳೆಯೋ ಮನೆ ಎಲ್ಲಾದ್ರೂ ಕೇಳಿದೀಯಾ?"

"ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ," ಎಂದು ಗೇಟಿನವನು ಗೋಡೆಯಾಚೆಯಿಂದ ಕೂಗುತ್ತಿದ್ದ. ಅವನಿಗೂ ಒಂದು ಬೈಗುಳ ಹೋಗುತ್ತಿತ್ತು.

ಇತ್ತೀಚೆಗೆ ಮಾತ್ರ ಬೈಗುಳ ಕಡಿಮೆಯಾಗಿತ್ತು. ಎಂಟು ತಿಂಗಳಿಂದ ಸೊಸೆಯ ಬೆಸುಗೆಯಲ್ಲಿ ಹೊಳಪಕ್ಕನಿಗೆ ನೀಲಿಯೇ ಕಾಣುತ್ತಿರಲಿಲ್ಲ. ಅಲ್ಲಲ್ಲಿ ಒಂದಿಷ್ಟು ಮಾಸಿದ ಬೂದು, ಅಷ್ಟೇ. "ನನ್ನ ಬಾಯಿಗೆ ಹೆದರಿ ಹುಡುಗಿ ಕೈ ಪಳಗಿತು ನೋಡಿ," ಎಂದು ಶೆಡ್ಡಿಗೆಲ್ಲ ಸಾರಿಕೊಂಡು ಬಂದಿದ್ದಳು. ಸೊಸೆ ಅದನ್ನು ಕೇಳಿ ವೆಲ್ಡಿಂಗಿನ ಮುಖವಾಡ ಇಳಿಸಿಕೊಂಡು ಕೆಲಸಕ್ಕೆ ತಿರುಗುತ್ತಿದ್ದಳು.

ನಾಲ್ಕು ತಿಂಗಳ ಹಿಂದೆ ಬಸ್ಸಿನ ಬೋರ್ಡು ಓದಲಾಗದೆ ಎರಡು ಸಲ ತಪ್ಪು ಬಸ್ಸು ಹತ್ತಿದ ಮೇಲೆ ಹೊಳಪಕ್ಕ ಯಾರಿಗೂ ಹೇಳದೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದಳು. ಎರಡೂ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಆಗಬೇಕು, ಆಮೇಲೆ ಒಂದು ತಿಂಗಳು ಆಸಿಡ್ಡು ಧೂಳು ಏನೂ ಕೂಡದು, ಸುಮ್ಮನೆ ಮನೆಯಲ್ಲಿ ಕೂರಬೇಕು ಎಂದಿದ್ದರು. ಕೂರಬೇಕು! ಆ ಒಂದು ಮಾತೇ ಸಾಕಾಯಿತು ಅವಳಿಗೆ. ಒಂದು ತಿಂಗಳು ಕೂತರೆ ಆ ಜಾಗಕ್ಕೆ ಇನ್ನೊಬ್ಬರು ಬರುತ್ತಾರೆ, ಇನ್ನೊಬ್ಬರ ಅಕ್ಷರ ಬೀಳುತ್ತದೆ. ಚೀಟಿಯನ್ನು ಮಡಚಿ ಸೀಮೆಸುಣ್ಣದ ಡಬ್ಬಿಯ ತಳಕ್ಕೆ ಹಾಕಿಟ್ಟಳು. ಡಾಕ್ಟರಿಗೇನು, ಹೇಳುತ್ತಾರೆ. ಬೆಸುಗೆ ಎಲ್ಲಿದೆಯೋ ಅಲ್ಲೆಲ್ಲ ಪೇಸ್ಟು ಹಚ್ಚಿದರಾಯಿತು, ಅದಕ್ಕೆ ಕಣ್ಣೇ ಬೇಕೆಂದೇನಿದೆ ಎಂದುಕೊಂಡಳು.

ಹೀಗಿರುವಾಗ ಔಷಧಿ ಕಂಪನಿಯ ಟ್ಯಾಂಕು ಬಂತು. ಸಿರಪ್ಪು ಕಲಸುವ ಟ್ಯಾಂಕು, ಮಕ್ಕಳು ಕುಡಿಯುವ ಔಷಧಿ. ಅದರ ವೆಲ್ಡಿಂಗನ್ನು ಮೇಸ್ತ್ರಿ ಪೂರ್ತಿ ಸೊಸೆಗೇ ಒಪ್ಪಿಸಿದ.

"ನೋಡಮ್ಮ, ಮೂರು ವರ್ಷದಿಂದ ಟೆಂಪರರಿ ಅಂತಲೇ ಇದೀಯ. ಇದು ಸರಿಯಾಗಿ ಹೋಯ್ತೋ, ನಿನ್ನ ಕೆಲಸ ಖಾಯಂ. ತುಕ್ಕು ಅಂತ ವಾಪಸ್ ಬಂತೋ, ನನ್ನ ಕೈಲಿ ಏನೂ ಇಲ್ಲ. ಹೋದ ವರ್ಷ ಆ ವೆಲ್ಡರ್‌ಗೆ ಏನಾಯ್ತು, ನೀನೇ ನೋಡಿದೀಯ."

ಎಲ್ಲರೂ ನೋಡಿದ್ದರು. ಜೇನು ತುಂಬುವ ಟ್ಯಾಂಕೊಂದು ತುಕ್ಕಿನ ಚುಕ್ಕೆ ಹೊತ್ತು ವಾಪಸು ಬಂದು, ಅದನ್ನು ಬೆಸೆದವನು ಅದೇ ದಿನ ಮನೆಗೆ ಹೋಗಿದ್ದ. ತೊಳೆದವಳನ್ನು ಯಾರೂ ಕೇಳಲಿಲ್ಲ. ಹೊ ಬಿದ್ದಿತ್ತಲ್ಲ!

ಬುಧವಾರ ಹೊಳಪಕ್ಕ ಆ ಟ್ಯಾಂಕು ತೊಳೆದು ಮುಗಿಸಿದಳು. ಉರುಳೆಗಳ ಮೇಲೆ ಅಡ್ಡ ಮಲಗಿಸಿದ ಟ್ಯಾಂಕಿನ ತೆರೆದ ಬಾಯಿಗೆ ಫ್ಯಾನು ಇಟ್ಟು, ಒಳಗೆ ತೂರಿಕೊಂಡು, ಪೇಸ್ಟು ಹಚ್ಚಿ, ತೊಳೆದು, ಕೊನೆಗೆ ಬ್ರಷ್ಷು ಹಿಡಿದು ಬೆಸುಗೆಯುದ್ದಕ್ಕೂ ಉಜ್ಜಿದಳು. ಅಕ್ಷರ ಬರೆಯುವುದೊಂದು ಬಾಕಿಯಿತ್ತು. ಸಂಜೆ ಕೈತೊಳೆಯುವ ತೊಟ್ಟಿಯ ಹತ್ತಿರ ನಿಂತಿದ್ದಾಗ ಗೇಟಿನವನು ಬಂದು ಅವಳ ಏಪ್ರನ್ನಿನ ಜೇಬಿನಿಂದ ಬ್ರಷ್ಷನ್ನು ಎಳೆದುಕೊಂಡ.

"ಬೆಳಗ್ಗೆಯಿಂದ ಇದನ್ನೇ ಹುಡುಕ್ತಾ ಇದ್ದೆ ಅಕ್ಕ. ಇದು ನನ್ನ ಬ್ರಷ್ಷು. ಹಿಡಿ ನೀಲಿ ಇದೆ, ನೋಡ್ಲಿಲ್ವಾ? ನಿಮ್ಮದು ಹಸಿರು."

ಆ ವರ್ಕ್‌ಶಾಪಿನಲ್ಲಿ ಮೊದಲ ದಿನವೇ ಹೇಳಿಕೊಡುವ ಪಾಠ ಅದು: ಹಸಿರು ಹಿಡಿ ಸ್ಟೀಲಿಗೆ, ನೀಲಿ ಹಿಡಿ ಕಬ್ಬಿಣಕ್ಕೆ. ಕಬ್ಬಿಣದ ಬ್ರಷ್ಷನ್ನು ಸ್ಟೀಲಿಗೆ ಹಾಕಿದರೆ ಕಣ್ಣಿಗೆ ಕಾಣದ ಕಬ್ಬಿಣದ ಪುಡಿ ಮೈಗೆ ಅಂಟುತ್ತದೆ. ಇವತ್ತು ಫಳಫಳ ಹೊಳೆಯುತ್ತದೆ, ನಾಲ್ಕು ದಿನಕ್ಕೆ ಕಂದು ಚುಕ್ಕೆ ಏಳುತ್ತದೆ. ಈ ಪಾಠವನ್ನು ಇಪ್ಪತ್ತು ಜನಕ್ಕೆ ಕಲಿಸಿದವಳೇ ಹೊಳಪಕ್ಕ.

"ಈಗ ತಾನೇ ತಪ್ಪಿ ಎತ್ಕೊಂಡೆ ಕಣಪ್ಪ. ನಿನ್ನದನ್ನೂ ತಂದು ನನ್ನ ಮೊಳೆಗೇ ನೇತು ಹಾಕಿದ್ರೆ ಇನ್ನೇನಾಗುತ್ತೆ?" ಎಂದಳು. ಬಾಯಿ ಹಾಗೆಂದಿತು. ಮನಸ್ಸು ಮಾತ್ರ ಟ್ಯಾಂಕಿನೊಳಗೇ ಇತ್ತು. ಕೊನೆಯ ಉಜ್ಜು ಯಾವುದರಿಂದ ಉಜ್ಜಿದೆ? ಹಸಿರಿನಿಂದಲೋ, ಇದರಿಂದಲೋ? ಅವಳಿಗೆ ನೆನಪಿರಲಿಲ್ಲ. ನೆನಪೇನು, ಕಂಡೇ ಇರಲಿಲ್ಲ.

ಅವತ್ತು ಸೊಸೆ ಮೂರು ಗಂಟೆ ತಡವಾಗಿ ಮನೆಗೆ ಬಂದಳು, ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು. "ಏನೇ ಅದು?" ಎಂದರೆ "ಕಿಡಿ ತಾಗಿತು ಅತ್ತೆ," ಎಂದಳು. ಬೇರೆ ದಿನವಾಗಿದ್ದರೆ ಹೊಳಪಕ್ಕ ಅಷ್ಟಕ್ಕೆ ಬಿಡುತ್ತಿರಲಿಲ್ಲ. ಅವತ್ತು ಅವಳು ಪಾತ್ರೆ ಉಜ್ಜುತ್ತಿದ್ದಳು. ಒಮ್ಮೆ ಉಜ್ಜಿ ಒರೆಸಿಟ್ಟ ಪಾತ್ರೆಗಳನ್ನೇ ಮತ್ತೆ ಇಳಿಸಿಕೊಂಡು ಉಜ್ಜುತ್ತಿದ್ದಳು. ಮಗ ಒಂದು ಲೋಟ ನೀರಿಗೆ ಬಂದವನು ಖಾಲಿ ಕೈಯಲ್ಲೇ ಹಿಂದಿರುಗಿದ.

ಹೇಳಿಬಿಡಲೇ? ಹೇಳಿದರೆ ಮೊದಲು ಕೇಳುವುದೇ, ಹಿಡಿಯ ಬಣ್ಣ ಕಾಣಲಿಲ್ಲವೇ ಎಂದು. ಅಲ್ಲಿಗೆ ಇಪ್ಪತ್ತೆರಡು ವರ್ಷ ಮುಗಿಯಿತು. ಹೇಳದಿದ್ದರೆ? ಟ್ಯಾಂಕು ಹೋಗುತ್ತದೆ, ತುಕ್ಕು ಏಳುತ್ತದೆ, ಸೊಸೆ ಮನೆಗೆ ಬರುತ್ತಾಳೆ, ಹೊ ಮಾತ್ರ ಹಾಗೇ ಉಳಿಯುತ್ತದೆ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವಳ ಪಾಡಾಯಿತು ಅವಳದು, ನುಂಗುವಂತಿಲ್ಲ, ಉಗುಳುವಂತಿಲ್ಲ.

ಲಾರಿ ಬರುವುದು ಶುಕ್ರವಾರ ಮಧ್ಯಾಹ್ನ. ಗುರುವಾರ ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಹೊಳಪಕ್ಕ ಒಂದು ಬಿಳಿ ಬಟ್ಟೆಯನ್ನು ನೀರಿನಲ್ಲಿ ನೆನೆಸಿ, ಟ್ಯಾಂಕಿನ ಒಳಗೆ ಬೆಸುಗೆಯ ಉದ್ದಕ್ಕೂ ಹಾಸಿದಳು. ಒಂದು ಹಗಲು ಒಂದು ರಾತ್ರಿ ಒದ್ದೆಯಾಗಿಟ್ಟರೆ ಸಾಕು, ಕಬ್ಬಿಣದ ಪುಡಿ ಇದ್ದರೆ ಬಟ್ಟೆಗೆ ಕಂದು ಕಲೆ ಹತ್ತುತ್ತದೆ. ಯಾರಾದರೂ ಕೇಳಿದರೆ ಧೂಳು ಬೀಳದಿರಲಿ ಅಂತ ಎನ್ನುವುದೆಂದು ಮಾತೂ ಸಿದ್ಧವಾಗಿತ್ತು. ಯಾರೂ ಕೇಳಲಿಲ್ಲ. ಆದರೂ ಅವಳೇ ಮೂರು ಜನಕ್ಕೆ ಹೇಳಿಕೊಂಡು ಬಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡು ನೋಡಿದನಂತಲ್ಲ, ಹಾಗೆ.

ಆ ದಿನ ಅವಳು ಟ್ಯಾಂಕಿನ ಬಾಯಿಗೂ ನಲ್ಲಿಗೂ ಎಷ್ಟು ಸಲ ಓಡಾಡಿದಳೋ ದೇವರಿಗೇ ಗೊತ್ತು. ಬಟ್ಟೆ ಒಣಗಿತೇನೋ ಎಂದು ನೀರು ಚಿಮುಕಿಸುವುದು, ಅಂಚು ಎತ್ತಿ ಇಣುಕುವುದು, ಏನೂ ತಿಳಿಯದೆ ಮತ್ತೆ ಮುಚ್ಚುವುದು. ಬೇರೆ ಟ್ಯಾಂಕೊಂದರ ಮೇಲೆ ಪೇಸ್ಟು ಹಚ್ಚಿದವಳು ಹೊತ್ತು ಮೀರಿದರೂ ತೊಳೆಯದೆ ಬಿಟ್ಟಳು. ಸೊಸೆ ಓಡಿ ಬಂದು ನೀರು ಬಿಟ್ಟಳು.

"ಅತ್ತೆ, ಹುಷಾರಿಲ್ವಾ? ಮನೆಗೆ ಹೋಗಿ."

"ನನಗೇನಾಗಿದೆ ಧಾಡಿ? ನಿನ್ನ ಕೆಲಸ ಮಾಡು ಹೋಗು."

ಶುಕ್ರವಾರ ಬೆಳಗ್ಗೆ ಹತ್ತು ಗಂಟೆಗೆ ಹೊಳಪಕ್ಕ ಬಟ್ಟೆಯನ್ನು ಸುರುಳಿ ಸುತ್ತಿ ಹೊರಗೆ ತಂದಳು. ಶೆಡ್ಡಿನ ಬಾಗಿಲಿಗೆ ಬಂದು, ಬೆನ್ನು ಎಲ್ಲರ ಕಡೆಗೆ ಮಾಡಿ, ಬಿಸಿಲಿಗೆ ಬಿಡಿಸಿ ಹಿಡಿದಳು. ಕಣ್ಣು ಕಿರಿದು ಮಾಡಿ ನೋಡಿದಳು. ಬಟ್ಟೆಯಿಡೀ ಹಳೆಯ ಕಾಗದದ ಬಣ್ಣ. ಇದು ತುಕ್ಕೇ? ಇಲ್ಲಾ ಬಿಳಿಯೇ ಅವಳಿಗೆ ಹೀಗೆ ಕಾಣುತ್ತಿದೆಯೇ? ಪಕ್ಕದ ಗೋಡೆ ನೋಡಿದಳು. ಅದೂ ಅದೇ ಬಣ್ಣ. ಮೊನ್ನೆ ತಾನೇ ಸುಣ್ಣ ಬಳಿದ ಗೋಡೆ ಅದು. ಬಟ್ಟೆಯನ್ನು ತಿರುವಿ ಹಿಡಿದಳು, ಮೂಗಿಗೆ ತಾಗಿಸಿಕೊಂಡು ನೋಡಿದಳು, ಕೊನೆಗೆ ಮೂಸಿಯೂ ನೋಡಿದಳು. ಗಾಬರಿಗೆ ಅಳು ಬಂತು. ತಪ್ಪು ಮಾಡಿದ್ದೇನೆಯೋ ಇಲ್ಲವೋ ಎಂಬುದೇ ತಿಳಿಯದಂಥ ಕಣ್ಣು ಇಟ್ಟುಕೊಂಡು ಮಕ್ಕಳ ಔಷಧಿಯ ಟ್ಯಾಂಕಿಗೆ ಅಕ್ಷರ ಬರೆಯಲು ಹೊರಟಿದ್ದೆನಲ್ಲ!

ಗೇಟಿನವನನ್ನು ಕೇಳಬಹುದಿತ್ತು. ಅವನು ಕೇಳಿದ್ದನ್ನು ಊರಿಗೆಲ್ಲ ಹಂಚುವವನು. ಎರಡು ಹೆಜ್ಜೆ ಅತ್ತ ಹೋದಳು, ಹಿಂದಕ್ಕೆ ಬಂದಳು, ಮತ್ತೆ ಹೋದಳು. ಆಮೇಲೆ ನೇರ ಸೊಸೆಯ ಮೇಜಿನ ಮುಂದೆ ಹೋಗಿ ನಿಂತು ಬಟ್ಟೆ ಮುಂದೆ ಹಿಡಿದಳು.

"ಇದರಲ್ಲಿ ಕಂದು ಕಲೆ ಇದೆಯಾ, ನೋಡಿ ಹೇಳು."

ಸೊಸೆ ಮುಖವಾಡ ಮೇಲೆತ್ತಿದಳು. ಬಟ್ಟೆ ನೋಡಲಿಲ್ಲ, ಅತ್ತೆಯ ಮುಖ ನೋಡಿದಳು.

"ಇಲ್ಲ ಅತ್ತೆ. ಬೆಳ್ಳಗಿದೆ."

"ಸರಿಯಾಗಿ ನೋಡೇ! ನನಗೆ ಕಾಣಲ್ಲ ಅಂತ ಏನಾದ್ರೂ ಹೇಳ್ಬೇಡ. ಬುಧವಾರ ನಾನು ಕಬ್ಬಿಣದ ಬ್ರಷ್ಷು ಹಾಕಿಬಿಟ್ಟಿದೀನಿ ಅನ್ಸುತ್ತೆ. ಹಿಡಿ ಬಣ್ಣ ಗೊತ್ತಾಗ್ಲಿಲ್ಲ. ನನಗೆ ನೀಲಿ ಕಾಣಲ್ಲ ಕಣೆ. ತುಂಬಾ ದಿನ ಆಯ್ತು."

"ಗೊತ್ತು," ಎಂದಳು ಸೊಸೆ.

"ಏನು ಗೊತ್ತು?"

"ಎಲ್ಲಾನೂ. ಬ್ರಷ್ಷು ಹಾಕಿದ್ದೂ ನೋಡಿದೆ. ನೀವು ಹೋದ್ಮೇಲೆ ಪೂರ್ತಿ ಬೆಸುಗೆಗೆ ಮತ್ತೆ ಪೇಸ್ಟ್ ಹಚ್ಚಿ ತೊಳೆದೆ. ಕಬ್ಬಿಣ ಎಲ್ಲಾ ಹೋಯ್ತು. ಬಟ್ಟೆ ನಿಜವಾಗ್ಲೂ ಬೆಳ್ಳಗಿದೆ ಅತ್ತೆ, ನನ್ನಾಣೆ."

"ಇದೊಂದು ಟ್ಯಾಂಕಾ?"

ಸೊಸೆ ಕೈಯಲ್ಲಿದ್ದ ತಂತಿಯನ್ನು ಬೆರಳಲ್ಲಿ ತಿರುವುತ್ತ ನಿಂತಳು.

"ಕೇಳ್ತಾ ಇದೀನಿ, ಇದೊಂದೇನಾ?"

"ಎಂಟು ತಿಂಗಳಿಂದ. ಊಟದ ಹೊತ್ತಲ್ಲಿ, ನೀವು ಹೋದ್ಮೇಲೆ. ಉಳಿದಿದ್ದನ್ನ ತೆಗೀತಿದ್ದೆ. ಹೇಳೋಕೆ ಬಾಯಿ ಬರ್ಲಿಲ್ಲ. ನನ್ನ ಕೈ ಪಳಗಿತು ಅಂತ ಅಷ್ಟು ಖುಷಿಯಾಗಿ ಹೇಳ್ಕೊಂಡು ಓಡಾಡ್ತಿದ್ರಿ."

ಹೊಳಪಕ್ಕನ ಮುಖಕ್ಕೆ ರಕ್ತ ನುಗ್ಗಿತು. ನಾಚಿಕೆ, ಅದರ ಹಿಂದೆಯೇ ಸಿಟ್ಟು. ಎಂಟು ತಿಂಗಳು ಶೆಡ್ಡಿನ ತುಂಬ ತನ್ನ ಬಾಯಿಯ ಮಹಿಮೆ ತಾನೇ ಹೊಗಳಿಕೊಂಡು ತಿರುಗಿದ್ದು ನೆನಪಾಗಿ ನೆಲ ಬಾಯಿ ಬಿಟ್ಟರೆ ಸಾಕು ಎನಿಸಿತು. ಇವಳನ್ನು ನಾಲ್ಕು ಬೈದು ಹೋಗಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಮಣಿಕಟ್ಟಿನ ಬಟ್ಟೆ ಕಣ್ಣಿಗೆ ಬಿತ್ತು. ವೆಲ್ಡಿಂಗಿನ ಕೈಗವಸು ಮೊಣಕೈ ತನಕ ಬರುತ್ತದೆ. ಅಲ್ಲಿಗೆ ಕಿಡಿ ಹೇಗೆ ಹೋಗುತ್ತದೆ?

ಅವಳು ಆ ಕೈ ಹಿಡಿದೆಳೆದುಕೊಂಡಳು.

"ಪೇಸ್ಟ್ ತಾಗಿದ್ದಾ ಇದು? ನನ್ನ ಗ್ಲೌಸ್ ಹಾಕ್ಕೊಂಡ್ಯಾ? ಅದು ನಿನಗೆ ಸಡಿಲ ಆಗುತ್ತೆ ಕಣೇ, ಹುಚ್ಚಿ! ಜೆಲ್ ಹಚ್ಚಿದ್ಯಾ ಇಲ್ವಾ? ಮೊದಲು ಅದು ಹೇಳು!"

"ಹಚ್ಚಿದೆ. ಆಸ್ಪತ್ರೆಗೂ ಹೋಗಿ ತೋರಿಸ್ಕೊಂಡೇ ಬಂದೆ, ಅದಕ್ಕೇ ತಡ ಆಗಿದ್ದು. ನೀವೇ ತಾನೇ ಹೇಳ್ಕೊಟ್ಟಿದ್ದು?"

"ಹೇಳ್ಕೊಟ್ಟೆ, ಹೇಳ್ಕೊಟ್ಟೆ," ಎಂದು ಗೊಣಗುತ್ತ ಹೊಳಪಕ್ಕ ಆ ಕೈಯನ್ನು ಬಿಡಲೇ ಇಲ್ಲ. ಕಣ್ಣಲ್ಲಿ ನೀರು ತುಂಬಿ ಇದ್ದಬದ್ದ ನೋಟವೂ ಹೋಯಿತು. ಸೊಸೆ ಕರವಸ್ತ್ರ ಕೊಟ್ಟಳು. ಅದರಲ್ಲಿ ಮೂಗು ಒರೆಸಿಕೊಂಡು, "ಇದೂ ಗಲೀಜು," ಎಂದು ಬೈದು ಹಿಂದಕ್ಕೆ ಕೊಟ್ಟಳು.

ಮಧ್ಯಾಹ್ನ ಲಾರಿ ಬಂದು ನಿಂತಿತು. ಮೇಸ್ತ್ರಿ ಚಹಾದ ಲೋಟ ಹಿಡಿದು ಬಂದ. ಹೊಳಪಕ್ಕ ಡಬ್ಬಿಯಿಂದ ಸೀಮೆಸುಣ್ಣ ತೆಗೆದಳು. ಬೆರಳಿಗೆ ತಳದ ಚೀಟಿಯೂ ತಾಗಿತು, ಅದನ್ನೂ ತೆಗೆದು ಜೇಬಿಗೆ ಹಾಕಿಕೊಂಡಳು. ಆಮೇಲೆ ಟ್ಯಾಂಕಿನ ಹೊಟ್ಟೆಯ ಮೇಲೆ ದೊಡ್ಡದಾಗಿ ಬರೆದಳು.

ಮೇಸ್ತ್ರಿ ಲಾರಿಯವನಿಗೆ ಕೈ ಮಾಡಲು ಹೋದವನು ತಡೆದು ನಿಂತ.

"ಇದೇನಕ್ಕ? ಹೊ ಹೋಗಿ ಸೊ ಆಗಿದೆ. ಕೈ ತಪ್ತಾ?"

"ಕೈ ತಪ್ಪಿಲ್ಲ. ಕಣ್ಣು ತಪ್ಪಿದೆ. ಸೊ ಅಂದ್ರೆ ಸೊಸೆ. ಎಂಟು ತಿಂಗಳಿಂದ ಇಲ್ಲಿಂದ ಹೋದ ಟ್ಯಾಂಕೆಲ್ಲ ಕೊನೆಗೆ ತೊಳೆದಿದ್ದು ಅವಳು. ಅಕ್ಷರ ಬರೆದಿದ್ದು ಮಾತ್ರ ನಾನು. ಇದಕ್ಕೆ ಕಬ್ಬಿಣದ ಬ್ರಷ್ಷು ಹಾಕಿದ್ದೂ ನಾನೇ, ಸರಿ ಮಾಡಿದ್ದು ಅವಳು." ಚೀಟಿ ತೆಗೆದು ಅವನ ಕೈಗಿಟ್ಟಳು. "ಆಪರೇಷನ್ ಆಗ್ಬೇಕಂತೆ. ಒಂದು ತಿಂಗಳು ಬರೋಕಾಗಲ್ಲ."

ಗೋಡೆಯಾಚೆ ಗೇಟಿನವನ ಸುತ್ತಿಗೆ ಸದ್ದು ನಿಂತಿತು. ಮೇಸ್ತ್ರಿ ಚೀಟಿ ಓದಿದ, ಮತ್ತೊಮ್ಮೆ ಓದಿದ.

"ಮೊದಲೇ ಹೇಳೋದಲ್ವಾ ಅಕ್ಕ? ಕಣ್ಣು ಮಾಡಿಸ್ಕೊಂಡು ಬನ್ನಿ. ಬಂದ್ಮೇಲೆ ನೋಡೋಣ." ನೋಡೋಣ ಎಂಬುದರ ಅರ್ಥ ಹೊಳಪಕ್ಕನಿಗೂ ತಿಳಿದಿತ್ತು, ಅವನಿಗೂ ತಿಳಿದಿತ್ತು. "ಆದ್ರೆ ಇದು ಹೊಸ ಅಕ್ಷರ. ಇದನ್ನ ನಾನೇ ಒಳಗೆ ಹೋಗಿ ನೋಡ್ಬೇಕಾಗುತ್ತೆ. ಅದು ಪಾಸಾದ್ರೆ ನಿನ್ನ ಖಾಯಂ ವಿಷಯ ಆಯ್ತು ಕಣಮ್ಮ," ಎಂದು ಸೊಸೆಗೆ ಹೇಳಿ, ಟಾರ್ಚು ಹಿಡಿದು, ಇಷ್ಟು ವರ್ಷದಲ್ಲಿ ಮೊದಲ ಸಲ ಟ್ಯಾಂಕಿನೊಳಗೆ ತೂರಿದ.

ಹೊಳಪಕ್ಕನಿಗೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ನಲ್ಲಿಯ ಕಡೆ ಹೊರಟಳು, ಅಲ್ಲಿ ಏನೂ ಕೆಲಸವಿಲ್ಲವೆಂದು ನೆನಪಾಗಿ ತಿರುಗಿದಳು. ಬ್ರಷ್ಷಿನ ಮೊಳೆಯ ಹತ್ತಿರ ಹೋಗಿ ಕೈ ಹಿಂದೆಗೆದುಕೊಂಡಳು. ಸೊಸೆ ಮೂಲೆಯಿಂದ ಕುರ್ಚಿ ತಂದು ಅವಳ ಹಿಂದೆ ಇಟ್ಟಳು.

"ಕೂತ್ಕೊಳ್ಳಿ ಅತ್ತೆ."

ಅವಳು ಕುಳಿತಳು. ಗೇಟಿನವನು ಬಾಗಿಲಲ್ಲಿ ನಿಂತು ನೋಡುತ್ತಿದ್ದ.

ಟ್ಯಾಂಕಿನೊಳಗಿಂದ ಮೇಸ್ತ್ರಿಯ ದನಿ ದೊಡ್ಡದಾಗಿ ಕೇಳಿತು.

"ಎಲ್ಲಾ ಚೆನ್ನಾಗಿದೆ. ಇಲ್ಲಿ ತುದೀಲಿ ಬೆರಳಗಲ ನೀಲಿ ಉಳಿದಿದೆ, ತೆಗೆದುಬಿಡು ಬಾರಮ್ಮ."

ನೀಲಿ ಎಂದದ್ದೇ ತಡ, ಹೊಳಪಕ್ಕ ಎದ್ದು ನಿಂತಿದ್ದಳು. ಕೈ ಜೇಬಿನೊಳಗೆ ಕೈಗವಸು ಹುಡುಕುತ್ತಿತ್ತು. ಸೊಸೆ ಇದ್ದಲ್ಲೇ ನಿಂತು ಅವಳ ಮುಖ ನೋಡುತ್ತಿದ್ದಳು, ಹೋಗಲೋ ಬೇಡವೋ ಎಂಬಂತೆ.

"ನನ್ನ ಮುಖ ಏನು ನೋಡ್ತೀಯ? ಹೋಗು. ಕರೆದಿದ್ದು ನಿನ್ನನ್ನ," ಎಂದಳು ಹೊಳಪಕ್ಕ. "ನಿನ್ನ ಅಳತೆ ಗ್ಲೌಸ್ ಹಾಕ್ಕೊಂಡು ಹೋಗು."

ಆಮೇಲೆ ಮತ್ತೆ ಕುಳಿತಳು. ಏಳದಂತೆ ಕುರ್ಚಿಯ ಎರಡೂ ಅಂಚನ್ನು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು.